ಆರು ಸೀಟು ಖಾಲಿ ಬಿಟ್ಟು ಹೋದ್ವಿ

(1/7)
ಹೋದ ವಾರ ಹಾಕಿದ ಬೋಟ್ ಫೋಟೋಗೆ ಅತಿ ಹೆಚ್ಚು ಬಂದ ಪ್ರಶ್ನೆ ಯಾವುದು ಗೊತ್ತಾ? ಮೀನು ಯಾವುದು, ನೀರು ಎಷ್ಟು ಆಳ, ಇದ್ಯಾವುದೂ ಅಲ್ಲ. "ಅಷ್ಟು ಸೀಟು ಖಾಲಿ ಇತ್ತಲ್ಲ, ನಮ್ಮನ್ನೂ ಕರೀಬಹುದಿತ್ತಲ್ವಾ?" ಕೇಳಿದವರೆಲ್ಲ ನಮ್ಮ ಬಿಕಾಂ ಕ್ಲಾಸಿನ ಹುಡುಗರು. ಒಬ್ಬ ಅಂತೂ "ನಾವು ಆರು ಜನ ಬಂದಿದ್ರೆ ನಿಮಗೇ ದುಡ್ಡು ಉಳೀತಿತ್ತು, ಕಾಮರ್ಸ್ ಓದಿ ಇಷ್ಟೂ ಗೊತ್ತಾಗಲ್ವಾ" ಅಂತ ಬರೆದ.

ಗೊತ್ತಾಗುತ್ತೆ ಮಾರಾಯ. ಲೆಕ್ಕ ಹಾಕಿಯೇ ಖಾಲಿ ಬಿಟ್ಟಿದ್ದು. ಕಮೆಂಟಲ್ಲಿ ಹೇಳಿದ್ರೆ ಜಗಳ ಆಗುತ್ತೆ, ಅದಕ್ಕೇ ಏಳು ಪೋಸ್ಟಲ್ಲಿ ಹೇಳ್ತೀನಿ. ಓದೋಕೆ ತಾಳ್ಮೆ ಇಲ್ಲದವರು ಫೋಟೋ ನೋಡ್ಕೊಂಡು ಹೋಗಿ, ಬೇಜಾರಿಲ್ಲ.

ನಾವು ಹೋಗಿದ್ದು ನೇತ್ರಾಣಿಗೆ. ಭಟ್ಕಳ ತಾಲೂಕಿನ ಮುರ್ಡೇಶ್ವರದ ಎದುರು, ದಡದಿಂದ ಸುಮಾರು 10 ನಾಟಿಕಲ್ ಮೈಲಿ, ಅಂದ್ರೆ ಹತ್ತಿರ ಹತ್ತಿರ 19 ಕಿಲೋಮೀಟರ್ ದೂರದಲ್ಲಿರೋ ಸಣ್ಣ ದ್ವೀಪ. ಪುನೀತ್ ರಾಜ್‌ಕುಮಾರ್ ಅವರ 'ಗಂಧದಗುಡಿ' (2022) ನೋಡಿದವರಿಗೆ ನೆನಪಿರುತ್ತೆ, ಅಪ್ಪು ಸಮುದ್ರದೊಳಗೆ ಇಳಿಯೋದು ಅಲ್ಲೇ. ನಾವು ಹತ್ತು ಹುಡುಗೀರು. ಆರು ಜನ ಶಿಕಾರಿಪುರ, ನಾಲ್ಕು ಜನ ಸೊರಬ. ಹದಿನಾರು ಸೀಟಿನ ಬೋಟು, ಪೂರ್ತಿ ನಮ್ಮದೇ.

(2/7)
ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡ್ತೀನಿ. ನಮ್ಮ ಹತ್ತು ಜನರಲ್ಲಿ ಈಜು ಬರ್ತಿದ್ದದ್ದು ಒಬ್ಬಳಿಗೆ.

ಇದು ನಾಚಿಕೆ ಪಡೋ ವಿಷಯ, ಆದ್ರೆ ನಾಚಿಕೆ ನಮಗಲ್ಲ. ಶಿಕಾರಿಪುರದಲ್ಲಿ ಹುಚ್ಚರಾಯನ ಕೆರೆ ಇದೆ, ಪಕ್ಕದಲ್ಲಿ ಅಂಜನಾಪುರ ಜಲಾಶಯ ಇದೆ. ಸೊರಬದಲ್ಲಿ ದಂಡಾವತಿ ಹರೀತಾಳೆ, ಊರಿಗೊಂದು ಕೆರೆ. ನೀರಿಗೇನು ಬರ ಇಲ್ಲ. ನನ್ನ ಅಣ್ಣ ಎಂಟನೇ ಕ್ಲಾಸಲ್ಲೇ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ. ಅದೇ ಬಾವಿಯ ಕಟ್ಟೆ ಮೇಲೆ ಅವನ ಅಂಗಿ, ಚಪ್ಪಲಿ ಕಾಯ್ತಾ ಕೂತಿದ್ದವಳು ನಾನು. "ನಾನೂ ಇಳೀಲಾ?" ಅಂದಿದ್ದಕ್ಕೆ ಅಜ್ಜಿ "ದೊಡ್ಡವಳಾದ್ಯಲ್ಲ" ಅಂದ್ಲು. ಆಗ ನನಗೆ ಹನ್ನೊಂದು ವರ್ಷ.

ನೀವು ಹುಡುಗಿ ಆಗಿದ್ರೆ ನಿಮ್ಮ ಹತ್ರಾನೂ ಇಂಥದ್ದೊಂದು ಬಾವಿಕಟ್ಟೆ ಇರುತ್ತೆ.

ಇನ್ನೊಂದು ತಮಾಷೆ. ನಮ್ಮ ಕುಮುದ್ವತಿ ಹೋಗಿ ತುಂಗಭದ್ರೆ ಸೇರ್ತಾಳೆ. ದಂಡಾವತಿ ವರದೆ ಸೇರಿ, ಅಲ್ಲಿಂದ ಅದೇ ತುಂಗಭದ್ರೆಗೆ. ಎಲ್ಲಾ ನೀರೂ ಕೃಷ್ಣೆಯ ಜೊತೆ ಪೂರ್ವದ ಸಮುದ್ರಕ್ಕೆ. ಘಟ್ಟ ಇಳಿದ್ರೆ ಪಶ್ಚಿಮದ ಸಮುದ್ರ ಇಷ್ಟು ಹತ್ತಿರ, ಆದ್ರೂ ನಮ್ಮ ಊರಿನ ನದಿಗಳೇ ಅದಕ್ಕೆ ಬೆನ್ನು ಹಾಕಿ ಹರೀತಾವೆ. ನಮ್ಮ ಮನೆಗಳೂ ಹಾಗೇ. ಮುರ್ಡೇಶ್ವರಕ್ಕೆ ಹೋಗ್ತೀವಿ, ದೇವರ ದರ್ಶನ, 123 ಅಡಿ ಶಿವನ ಎದುರು ಫೋಟೋ, ಮಂಡಿವರೆಗೆ ನೀರು, "ಸಾಕು ಬಾ". ಮುಗೀತು ಸಮುದ್ರ.

(3/7)
ಸ್ನಾರ್ಕ್ಲಿಂಗ್ ಅಂದ್ರೆ ಏನು ಅಂತ ಅಮ್ಮಂಗೆ ವಿವರಿಸೋಕೆ ನನಗೆ ಎರಡು ದಿನ ಬೇಕಾಯ್ತು. ನಿಮಗೆ ಎರಡು ನಿಮಿಷ.

ಮುಳುಗೋದಲ್ಲ ಅದು, ತೇಲೋದು. ಲೈಫ್ ಜಾಕೆಟ್ ಹಾಕ್ಕೊಂಡು ಬೋರಲಾಗಿ ನೀರಿನ ಮೇಲೆ ಮಲಗ್ತೀರಿ. ಕಣ್ಣು ಮೂಗು ಎರಡೂ ಮಾಸ್ಕ್ ಒಳಗೆ. ಬಾಯಲ್ಲಿ ಒಂದು ನಳಿಗೆ, ಅದರ ತುದಿ ನೀರಿನ ಮೇಲೆ. ಉಸಿರಾಟ ಪೂರ್ತಿ ಬಾಯಲ್ಲೇ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕೆಳಗೆ ಇಳಿಯೋದು ಸ್ಕೂಬಾ, ಅದು ಬೇರೆ. ಉಪ್ಪುನೀರು ಸಿಹಿನೀರಿಗಿಂತ ಚೆನ್ನಾಗಿ ತೇಲಿಸುತ್ತೆ, ಜೊತೆಗೆ ಜಾಕೆಟ್ ಇರುತ್ತೆ. ಹಾಗಾಗಿ ಈಜು ಬಾರದವರೂ ಗೈಡ್ ಪಕ್ಕದಲ್ಲಿದ್ರೆ ಮಾಡಬಹುದು. ಮಾಸ್ಕ್ ಮಂಜಾಗಬಾರದು ಅಂದ್ರೆ ಒಳಗೆ ಸ್ವಲ್ಪ ಉಗುಳಿ, ಸವರಿ, ತೊಳೀಬೇಕು. (ಹೌದು, ಉಗುಳಿ. ನಾವೂ ಮುಖ ಕಿವುಚಿದ್ವಿ, ಆಮೇಲೆ ಉಗುಳಿದ್ವಿ.)

ಕಷ್ಟ ಇರೋದು ಒಂದೇ ಕಡೆ. ನಳಿಗೆಗೆ ಒಂದು ಗುಟುಕು ನೀರು ಬಂದಾಗ ಮನಸ್ಸು "ಸತ್ತೆ" ಅನ್ನುತ್ತೆ. ಫೂ ಅಂತ ಜೋರಾಗಿ ಊದಿದ್ರೆ ಆ ನೀರು ಹೊರಗೆ ಹೋಗುತ್ತೆ. ಇದನ್ನ ಬೋಟಲ್ಲಿ ಹೇಳಿಕೊಡ್ತಾರೆ, ನಾವು ತಲೆನೂ ಆಡಿಸ್ತೀವಿ. ನೀರಲ್ಲಿ ಮರೆತುಹೋಗುತ್ತೆ. ಯಾಕೆ ಹೇಳ್ತಿದೀನಿ ಅಂತ ಐದನೇ ಪೋಸ್ಟಲ್ಲಿ ಗೊತ್ತಾಗುತ್ತೆ.

(4/7)
ಈಗ ಲೆಕ್ಕ. ಸುಲಭ ಆಗ್ಲಿ ಅಂತ ದುಂಡು ಸಂಖ್ಯೆ ಹಾಕ್ತೀನಿ, ಇದೇ ರೇಟು ಅಂತ ಯಾರ ಹತ್ರಾನೂ ವಾದ ಮಾಡಬೇಡಿ.

ಬೋಟಿನ ಬಾಡಿಗೆ, ಡೀಸೆಲ್, ಬೋಟ್ ಓಡಿಸೋರ ಕೂಲಿ, ಇಬ್ಬರು ಗೈಡ್‌ಗಳ ಸಂಬಳ ಎಲ್ಲಾ ಸೇರಿ 20,000 ಅಂತಿಟ್ಕೊಳ್ಳಿ. ಇದು ಸ್ಥಿರ ವೆಚ್ಚ. ಒಬ್ಬರು ಹೋದ್ರೂ ಅಷ್ಟೇ, ಹದಿನಾರು ಜನ ಹೋದ್ರೂ ಅಷ್ಟೇ. ಹತ್ತು ಜನಕ್ಕೆ ತಲಾ 2,000. ಹದಿನಾರು ಜನಕ್ಕೆ ತಲಾ 1,250. ಆರು ಜನ ಸೇರಿಸಿಕೊಂಡ್ರೆ ನಮಗೆ ತಲೆಗೆ 750 ಉಳಿತಾಯ. ಕಾಸ್ಟ್ ಅಕೌಂಟಿಂಗ್ ಪುಸ್ತಕದ ಪ್ರಕಾರ ಸೀಟು ಖಾಲಿ ಬಿಟ್ಟವರು ದಡ್ಡರು.

ಆದ್ರೆ ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ಗೈಡ್‌ಗಳ ಕಣ್ಣು ಕೂಡ ಸ್ಥಿರವೇ. ಇಬ್ಬರು ಅಂದ್ರೆ ನಾಲ್ಕೇ ಕಣ್ಣು. ಹತ್ತು ಜನ ಇದ್ರೆ ಒಬ್ಬ ಗೈಡ್ ಐದು ತಲೆ ಎಣಿಸಿದ್ರೆ ಸಾಕು, ಹದಿನಾರು ಇದ್ರೆ ಎಂಟು. ಬೆಲೆ ಹಂಚಿಹೋದಾಗ ಖುಷಿ ಪಡ್ತೀವಲ್ಲ, ಅವರ ಗಮನವೂ ಅದರ ಜೊತೆಗೇ ಹಂಚಿಹೋಗಿರುತ್ತೆ. ಅದು ಬಿಲ್ಲಲ್ಲಿ ಕಾಣಲ್ಲ.

ಮೊದಲು ವಿಚಾರಿಸಿದ ಒಂದು ಕಡೆ "ಪ್ರೈವೇಟ್ ಅಂದ್ರೂ ಇನ್ನು ನಾಲ್ಕೈದು ಜನ ಬಂದ್ರೆ ಹತ್ತಿಸ್ಕೋತೀವಿ ಮೇಡಂ, ನಿಮಗೂ ಕಡಿಮೆ ಆಗುತ್ತೆ" ಅಂದ್ರು. ಬೇಡ ಅಂದ್ವಿ. ಎರಡನೇ ಕಡೆ ಕೇಳಿದ ಮೊದಲ ಪ್ರಶ್ನೆಯೇ "ಎಷ್ಟು ಜನಕ್ಕೆ ಈಜು ಬರುತ್ತೆ?" ಅಲ್ಲೇ ಬುಕ್ ಮಾಡಿದ್ವಿ. ನೀವು ಫೋನ್ ಮಾಡಿದಾಗಲೂ ಯಾರು ಮೊದಲು ರೇಟು ಹೇಳ್ತಾರೆ, ಯಾರು ಮೊದಲು ಈಜಿನ ಬಗ್ಗೆ ಕೇಳ್ತಾರೆ ಗಮನಿಸಿ.

ಇದು ಹೆದರಿಕೆ ಹುಟ್ಟಿಸೋ ಮಾತಲ್ಲ. 2019ರ ಜನವರಿ 21, ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡ್ರು. ದೋಣಿಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಜನ ಇದ್ರು. ಸತ್ತವರಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರೂ ಇದ್ರು, ನಮ್ಮ ಹಾಗೇ ಸಮುದ್ರ ಇಲ್ಲದ ಊರಿನವರು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗೀರು ಮುರ್ಡೇಶ್ವರದ ಸಮುದ್ರದಲ್ಲೇ ಹೋದ್ರು. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಟಿವಿ ಆಫ್ ಮಾಡಿ ಅಪ್ಪ ಹೇಳಿದ್ದು, "ಅದಕ್ಕೇ ಹುಡುಗೀರು ನೀರಿಗೆ ಇಳೀಬಾರದು ಅನ್ನೋದು."

ನನಗೆ ಆ ಸುದ್ದಿಯಿಂದ ಅನ್ನಿಸಿದ್ದು ತದ್ವಿರುದ್ಧ. ನೀರು ಹೇಗಿರುತ್ತೆ ಅಂತ ಜೀವನದಲ್ಲಿ ಒಂದ್ಸಲವೂ ತಿಳಿಸದೆ ಬೆಳೆಸಿ, ಆಮೇಲೆ ಒಂದು ದಿನ ಬಸ್ ತುಂಬ ಮಕ್ಕಳನ್ನ ಸಮುದ್ರದ ಎದುರು ಇಳಿಸಿದ್ರೆ ಏನಾಗುತ್ತೆ?

(5/7)
ರಾತ್ರಿ ಎರಡು ಗಂಟೆಗೆ ಶಿಕಾರಿಪುರ ಬಿಟ್ವಿ. ಶಿರಾಳಕೊಪ್ಪದ ಮೇಲೆ ಸೊರಬ, ಅಲ್ಲಿ ನಾಲ್ಕು ಜನ ಟಿಟಿ ಹತ್ತಿದ್ರು, ಸಾಗರ, ಜೋಗ, ಗೇರುಸೊಪ್ಪೆ ಘಟ್ಟ, ಹೊನ್ನಾವರ. ಘಟ್ಟದಲ್ಲಿ ಇಬ್ಬರು ವಾಂತಿ ಮಾಡ್ಕೊಂಡ್ರು, ಅವರಿಗೆ ಬೋಟಲ್ಲಿ ಏನೂ ಆಗಲಿಲ್ಲ. ಬೋಟಲ್ಲಿ ಆಗಿದ್ದು ನನಗೆ. (ತಲೆ ತಗ್ಗಿಸಿ ಫೋನ್ ನೋಡ್ತಾ ಕೂತಿದ್ದೆ. ದೂರದ ಗೆರೆ ನೋಡ್ತಾ ಕೂರಬೇಕಿತ್ತು.)

ಬೋಟು ಹೊರಟ ಮೇಲೆ ಹಿಂದೆ ತಿರುಗಿ ನೋಡಿದ್ರೆ ಆ ದೊಡ್ಡ ಶಿವ ಹೆಬ್ಬೆರಳಿನಷ್ಟಾದ, ಆಮೇಲೆ ಅಕ್ಕಿಕಾಳಿನಷ್ಟು. ಎದುರಿಗೆ ನೇತ್ರಾಣಿ, ಕಡಿದಾದ ಬಂಡೆ, ಮೇಲೆ ಕಾಡು. ದ್ವೀಪದ ಮೇಲೆ ಹತ್ತಲಿಲ್ಲ, ಪಕ್ಕದಲ್ಲಿ ಲಂಗರು ಹಾಕಿದ್ರು. ಬಿಳಿ ಹೊಟ್ಟೆಯ ಕಡಲ ಹದ್ದು ತಲೆ ಮೇಲೇ ಸುತ್ತುತಿತ್ತು. ಗುಡವಿ ಪಕ್ಷಿಧಾಮದ ಪಕ್ಕ ಬೆಳೆದ ಸೊರಬದವರು ಸಮುದ್ರ ಮರೆತು ಅದನ್ನೇ ನೋಡ್ತಾ ನಿಂತ್ರು. ಮೀನುಗಾರರು ದ್ವೀಪದ ದೈವಕ್ಕೆ ಹರಕೆ ಹೊತ್ತು ಆಡು, ಕೋಳಿ ತಂದು ಬಿಡ್ತಾರಂತೆ. ಇದೇ ದ್ವೀಪವನ್ನ ನೌಕಾಪಡೆ ಗುರಿ ಹೊಡೆಯೋ ಅಭ್ಯಾಸಕ್ಕೂ ಬಳಸಿದೆ. ಒಂದೇ ಕಲ್ಲಿಗೆ ಹರಕೆಯೂ ಗುಂಡೂ.

ನೀರಿಗೆ ಇಳಿದು ಮುಖ ಒಳಗಿಟ್ಟ ಆ ಮೊದಲ ಕ್ಷಣದ ಬಗ್ಗೆ ಏನು ಬರೆದ್ರೂ ಸುಳ್ಳಾಗುತ್ತೆ, ಬಿಡಿ. ನನ್ನ ಹೊಟ್ಟೆಯ ಕೆಳಗೆ ಹವಳದ ಬಂಡೆ, ಅದರ ಮೇಲೆ ಹಳದಿ ಬಟರ್‌ಫ್ಲೈ ಫಿಶ್, ಬಂಡೆಯನ್ನ ಕೊರೆದು ತಿನ್ನೋ ಪ್ಯಾರಟ್ ಫಿಶ್. ಕಿವಿ ನೀರೊಳಗಿದ್ರೆ ಅವು ಕಚ್ಚೋ ಕಟಕಟ ಸದ್ದು ಕೇಳುತ್ತೆ. ನಾನು ನಳಿಗೆಯೊಳಗೇ ಏನೇನೋ ಕೂಗ್ತಿದ್ದೆನಂತೆ.

ಆಗಲೇ ಅದು ಆಗಿದ್ದು. ನನ್ನಿಂದ ಮೂರು ಮಾರು ದೂರದಲ್ಲಿದ್ದ ಗೆಳತಿಯ ನಳಿಗೆಗೆ ನೀರು ನುಗ್ತು. ಊದೋದು ಮರೆತ್ಲು. ಮಾಸ್ಕ್ ಕಿತ್ತೆಸೆದು, ಪಕ್ಕದವಳ ಕುತ್ತಿಗೆ ಹಿಡಿದ್ಲು. ಇಬ್ಬರಿಗೂ ಜಾಕೆಟ್ ಇತ್ತು, ಆದ್ರೂ ಇಬ್ಬರ ಮುಖವೂ ನೀರೊಳಗೆ ಹೋಗಿ ಬಂತು. ನಾನು ನೋಡ್ತಾ ಇದ್ದೆ, ಕೈಕಾಲೇ ಆಡಲಿಲ್ಲ. ಗೈಡ್ ಬಂದು ಹಿಂದಿನಿಂದ ಅವಳ ಜಾಕೆಟ್ ಹಿಡಿದು ಅಂಗಾತ ತಿರುಗಿಸಿ "ಆಕಾಶ ನೋಡಮ್ಮ, ಆಕಾಶ ನೋಡು" ಅಂದ್ರು. ಐದಾರು ಸೆಕೆಂಡ್ ಇರಬಹುದು ಅಷ್ಟೇ. ಬೋಟಿಗೆ ಹತ್ತಿದ ಮೇಲೆ ಅವರನ್ನ ಕೇಳಿದೆ, ಅಷ್ಟು ಬೇಗ ಹೇಗೆ ಗೊತ್ತಾಯ್ತು? "ಐದು ಜನ ಅಲ್ವಾ, ನೋಡ್ತಾನೇ ಇದ್ದೆ" ಅಂದ್ರು.

ತಲೆಗೆ 750 ರೂಪಾಯಿ ಅಂದೆನಲ್ಲ. ಅದು ಹೋಗಿದ್ದು ಇದಕ್ಕೆ.

(6/7)
"ಸರಿ, ಹತ್ತೇ ಜನ ಇರಲಿ, ಹುಡುಗೀರೇ ಯಾಕೆ? ನಮ್ಮ ಮೇಲೆ ನಂಬಿಕೆ ಇಲ್ವಾ?" ಇದೂ ಬಂದಿದೆ.

ನಂಬಿಕೆ ಇದೆ. ನಿಮ್ಮ ಫೋನ್ ಮೇಲೆ ಇಲ್ಲ. ಒದ್ದೆ ಬಟ್ಟೆಯಲ್ಲಿ ಏಣಿ ಹತ್ತಿ ಬರೋವಾಗ ಯಾರೋ ವಿಡಿಯೋ ಮಾಡ್ತಿದಾರೆ ಅಂತ ಗೊತ್ತಾದ್ರೆ ನಮ್ಮ ಗಮನ ಏಣಿ ಮೇಲೆ ಇರಲ್ಲ, ಬಟ್ಟೆ ಮೇಲೆ ಇರುತ್ತೆ. ಕಾಲು ಜಾರೋದು ಅಲ್ಲೇ. ಮೊದಲು ನಾಲ್ಕು ಜನ ಚೂಡಿದಾರದಲ್ಲೇ ಇಳೀತೀನಿ ಅಂದಿದ್ರು. ನೀರು ಕುಡಿದ ಬಟ್ಟೆ ಭಾರ, ದುಪಟ್ಟಾ ಅಂತೂ ಕುತ್ತಿಗೆಗೆ ಸುತ್ತಿಕೊಳ್ಳುತ್ತೆ. ಬೋಟಲ್ಲಿ ನಾವೇ ಅಂತ ಗೊತ್ತಾದ ಮೇಲೆ ಎಲ್ಲರೂ ಲೆಗ್ಗಿಂಗ್ಸ್, ತುಂಬುತೋಳಿನ ಟೀಶರ್ಟ್ ಹಾಕಿದ್ರು. ಒಬ್ಬಳಿಗೆ ಪಿರಿಯಡ್ಸ್ ಆಗಿತ್ತು, ಇಳೀಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ, ಯಾರೂ ಚುಡಾಯಿಸಲಿಲ್ಲ. ಭಯ ಆದವಳು ಭಯ ಆಗ್ತಿದೆ ಅಂದ್ಲು. ಹುಡುಗರು ಇದ್ದಿದ್ರೆ ಅವಳು ಅದನ್ನ ಹೇಳ್ತಿರಲಿಲ್ಲ, ಧೈರ್ಯ ತೋರಿಸ್ತಿದ್ಲು. ನನಗೆ ಹೆಚ್ಚು ಹೆದರಿಕೆ ಇರೋದು ಆ ಧೈರ್ಯದ ಬಗ್ಗೆ.

ಮತ್ತೆ, ನಿಜ ಹೇಳ್ಬೇಕಂದ್ರೆ, "ಹುಡುಗೀರೇ" ಅಂದಿದ್ದಕ್ಕೇ ಮನೆಯಲ್ಲಿ ಬಿಟ್ಟಿದ್ದು. ಅದು ಸರಿಯಾದ ಕಾರಣ ಅಂತ ನಾನು ಹೇಳಲ್ಲ. ಸಿಕ್ಕ ಬಾಗಿಲಿಂದ ಹೊರಗೆ ಬಂದ್ವಿ ಅಷ್ಟೇ.

ಇಡೀ ಬೋಟ್ ಬುಕ್ ಮಾಡೋದು ಶ್ರೀಮಂತರ ಶೋಕಿ ಅಂತೀರಾ? ಇರಬಹುದು. ನಾವು ಏಳು ತಿಂಗಳು ಚೀಟಿ ಹಾಕಿ ದುಡ್ಡು ಕೂಡಿಸಿದ್ವಿ. ಸೊರಬದವಳೊಬ್ಬಳು ಅಡಿಕೆ ಸುಲಿಯೋ ಸೀಸನ್ನಲ್ಲಿ ರಾತ್ರಿ ಕೂತು ಸುಲಿದ ದುಡ್ಡು ತಂದಿದ್ಲು. ಅವಳ ಬೆರಳಿನ ಕಪ್ಪು ಉಪ್ಪುನೀರಿಗೂ ಹೋಗಲಿಲ್ಲ, ಮೂರನೇ ಫೋಟೋ ಜೂಮ್ ಮಾಡಿ ನೋಡಿ.

(7/7)
ಹೋಗೋರಿಗೆ ಒಂದಿಷ್ಟು. ಮಳೆಗಾಲದಲ್ಲಿ ಬೋಟ್ ಇರಲ್ಲ. ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್ ಜನವರಿಯಲ್ಲಿ ನೀರು ತಿಳಿಯಾಗಿರುತ್ತೆ. ಜಾಕೆಟ್ ಬಕಲ್ ಎಲ್ಲಾ ಹಾಕಿ, ಒಬ್ಬರದ್ದನ್ನ ಇನ್ನೊಬ್ಬರು ಎಳೆದು ನೋಡಿ. "ಇವತ್ತು ಸಮುದ್ರ ಸರಿ ಇಲ್ಲ, ಬೇಡ" ಅಂತ ಬೋಟಿನವರು ಅಂದ್ರೆ ಜಗಳ ಆಡಬೇಡಿ. ಇಡ್ಲಿ ತಿಂದು, ದೇವಸ್ಥಾನ ನೋಡಿ, ವಾಪಸ್ ಬನ್ನಿ.

ಹವಳದ ಮೇಲೆ ನಿಲ್ಲಬೇಡಿ ದಯವಿಟ್ಟು. ಅದು ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳು ಒಟ್ಟಿಗೆ ಕಟ್ಟಿದ ಮನೆ. ವರ್ಷಕ್ಕೆ ಬೆರಳಿನ ಅಗಲದಷ್ಟೂ ಬೆಳೆಯದ ಹವಳಗಳಿವೆ. ಮೀನಿಗೆ ಬ್ರೆಡ್ ಹಾಕಿ ರೀಲ್ಸ್ ಮಾಡೋದೂ ಬೇಡ, ಅದು ಅವುಗಳ ಊಟ ಅಲ್ಲ.

ಭಯ ಬಿದ್ದ ಗೆಳತಿ ಅರ್ಧ ಗಂಟೆ ಬಿಟ್ಟು ಮತ್ತೆ ಇಳಿದ್ಲು, ಗೈಡ್ ಕೈ ಹಿಡಿದುಕೊಂಡೇ. ಈಗ ಬೇಸಿಗೆ ರಜೆಯಲ್ಲಿ ಶಿವಮೊಗ್ಗದಲ್ಲಿ ಈಜು ಕಲೀಬೇಕು ಅಂತ ನಾವು ಐದು ಜನ ವಿಚಾರಿಸ್ತಿದೀವಿ.

ಅಪ್ಪ ಇನ್ನೂ ವಿಡಿಯೋ ನೋಡಿಲ್ಲ. ಅಮ್ಮ ನೋಡಿದ್ಲು, ಮೂರು ಸಲ. ಆಮೇಲೆ ಅಡುಗೆಮನೆಯಿಂದ ಕೂಗಿ ಕೇಳಿದ್ಲು, "ಆ ಜಾಕೆಟ್ಟು ನನ್ನ ಸೈಜಿಗೆ ಸಿಗುತ್ತೇನೇ?"

#ನೇತ್ರಾಣಿ #ಮುರ್ಡೇಶ್ವರ #ಶಿಕಾರಿಪುರ #ಸೊರಬ #ಬಿಕಾಂಹುಡುಗಿಯಲೆಕ್ಕ