ತಂದೆತಾಯಿಗೆ ಗ್ರೀನ್ ಕಾರ್ಡ್: ಅರ್ಜಿಗೆ ಮೊದಲು ಮನೆಯಲ್ಲಿ ಆಗಬೇಕಾದ ಮಾತು

ಬೆಳಗಾವಿ, ಹುಬ್ಬಳ್ಳಿ, ಮೂಡುಬಿದಿರೆ, ಮೈಸೂರು, ಬೆಂಗಳೂರು ಎನ್ನದೆ ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಕೆಲವರು ಅಲ್ಲಿನ ಪೌರತ್ವವನ್ನೂ ಪಡೆದಿದ್ದಾರೆ. ಮೊಮ್ಮಕ್ಕಳನ್ನು ನೋಡಲು ತಂದೆತಾಯಿ ಸಂದರ್ಶಕ ವೀಸಾದಲ್ಲಿ ಹೋದಾಗ, "ಗ್ರೀನ್ ಕಾರ್ಡ್ ಮಾಡಿಸಿಬಿಡೋಣ, ಬಂದು ಹೋಗಲು ಅನುಕೂಲ" ಎಂಬ ಮಾತು ಬರುವುದು ಸಹಜ. ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಗ್ರೀನ್ ಕಾರ್ಡ್ ಇರುವುದು ಬಂದು ಹೋಗುವವರಿಗಲ್ಲ, ಅಲ್ಲಿಯೇ ವಾಸಿಸುವವರಿಗೆ. ಭಾರತದಲ್ಲಿ ಹಲವು ತಿಂಗಳು ಕಳೆದು ಮರಳುವ ಹಿರಿಯರ ಮೇಲೆ, ಕಾರ್ಡ್ ಬಿಟ್ಟುಕೊಡುವಂತೆ ವಿಮಾನ ನಿಲ್ದಾಣದಲ್ಲಿ ಒತ್ತಡ ಬರುತ್ತಿದೆ ಎಂದು ಅಲ್ಲಿನ ವಕೀಲರು ಹೇಳಿದ್ದು 2025ರ ಮಾರ್ಚ್‌ನಲ್ಲಿ ಸುದ್ದಿಯಾಗಿತ್ತು.

ಕಾನೂನಿನ ದಾರಿ ಸುಲಭವಾಗಿಯೇ ಇದೆ. 21 ವರ್ಷ ತುಂಬಿದ ಪೌರ ಮಗ ಅಥವಾ ಮಗಳು ಐ-130 ಅರ್ಜಿ ಸಲ್ಲಿಸಬಹುದು. ವರ್ಷಕ್ಕೆ ಇಷ್ಟೇ ಎಂಬ ಮಿತಿಯಿಲ್ಲ, ಸರದಿಯೂ ಇಲ್ಲ. ತಂದೆಗೆ ಒಂದು, ತಾಯಿಗೆ ಒಂದು, ಹೀಗೆ ಬೇರೆ ಬೇರೆ ಅರ್ಜಿ ಬೇಕು. ಮಕ್ಕಳಿಗೆ ಬರೀ ಗ್ರೀನ್ ಕಾರ್ಡ್ ಇದ್ದರೆ ಈ ಹಕ್ಕಿಲ್ಲ.

ತಂದೆತಾಯಿ ಆಗಲೇ ಅಮೆರಿಕದಲ್ಲಿದ್ದರೆ ಐ-485 ಅರ್ಜಿಯನ್ನೂ ಜೊತೆಗೇ ಸಲ್ಲಿಸಬಹುದು. ಆದರೆ ಉಳಿಯುವ ಉದ್ದೇಶವನ್ನು ಮುಚ್ಚಿಟ್ಟು ಸಂದರ್ಶಕ ವೀಸಾದಲ್ಲಿ ಹೋಗುವುದು ಸುಳ್ಳು ಹೇಳಿದಂತೆ. ಸತ್ಯವ್ರತದ ಮಾತು ಹಾಗಿರಲಿ, ಅರ್ಜಿಯೇ ಬಿದ್ದುಹೋಗಬಹುದು. ಅರ್ಜಿ ಬಾಕಿ ಇರುವಾಗ ಪ್ರಯಾಣದ ಅನುಮತಿ ಪತ್ರವಿಲ್ಲದೆ ದೇಶ ಬಿಟ್ಟರೆ ಅರ್ಜಿ ಕೈಬಿಟ್ಟಂತೆ. ಊರಿನಲ್ಲಿ ಮದುವೆಯಿರಲಿ, ಸಾವಿರಲಿ, ತಕ್ಷಣ ಹೊರಡಲು ಆಗದು. ಊರಿನಿಂದಲೇ ಅರ್ಜಿ ಹಾಕಿದರೆ ಸಂದರ್ಶನ ಸಾಮಾನ್ಯವಾಗಿ ಮುಂಬೈಯಲ್ಲಿ. ಅದು ಮುಗಿಯುವ ತನಕ ಹೊಸ ಸಂದರ್ಶಕ ವೀಸಾ ಸಿಗುವುದು ಕಷ್ಟ.

ಕಾಗದಪತ್ರಗಳಲ್ಲಿ ತೊಡಕಾಗುವುದು ಜನನ ಪ್ರಮಾಣಪತ್ರ. 1970ಕ್ಕೆ ಮೊದಲು ಹಳ್ಳಿಗಳಲ್ಲಿ ಹುಟ್ಟಿದ ಅನೇಕರ ಜನನ ನೋಂದಣಿಯೇ ಆಗಿಲ್ಲ. ಅಂಥವರು ದಾಖಲೆ ಲಭ್ಯವಿಲ್ಲವೆಂಬ ಪತ್ರ, ಶಾಲೆಯ ದಾಖಲೆ, ಹಿರಿಯರ ಅಫಿಡವಿಟ್ ಒದಗಿಸಬೇಕು. ಒಂದರಲ್ಲಿ ಪದ್ಮಾವತಿ, ಇನ್ನೊಂದರಲ್ಲಿ ಪದ್ಮಾವತಮ್ಮ ಎಂದಿದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು ಒಳಿತು.

ಇನ್ನು ಖರ್ಚಿನ ಲೆಕ್ಕ. ಮಗ ಅಥವಾ ಮಗಳು ಐ-864 ಎಂಬ ಜಾಮೀನು ಪತ್ರಕ್ಕೆ ಸಹಿ ಹಾಕಬೇಕು. ಆದಾಯ ಅಲ್ಲಿನ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. ಗಂಡ, ಹೆಂಡತಿ, ತಂದೆತಾಯಿ ಸೇರಿ ನಾಲ್ವರ ಕುಟುಂಬಕ್ಕೆ 2025ರ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 40,200 ಡಾಲರ್. ಈ ಜಾಮೀನು ಒಂದೆರಡು ವರ್ಷಕ್ಕೆ ತೀರುವಂಥದ್ದಲ್ಲ. 65 ದಾಟಿದವರಿಗೂ ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಅಲ್ಲಿ ವಾಸಿಸಿದ ಮೇಲಷ್ಟೇ, ಅದೂ ಕಂತು ಕಟ್ಟಿ, ಮೆಡಿಕೇರ್ ಸೇರಲು ಅವಕಾಶ. ಅಲ್ಲಿಯ ತನಕ ವಿಮೆಯ ಹೊರೆ ಹೆಚ್ಚಾಗಿ ಮಕ್ಕಳದೇ.

ತೆರಿಗೆಯ ವಿಷಯ ಬಹಳ ಮನೆಗಳಲ್ಲಿ ಯಾರಿಗೂ ನೆನಪಾಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರು ಇಲ್ಲಿನ ಅಂಗಡಿ ಬಾಡಿಗೆ, ಠೇವಣಿ ಬಡ್ಡಿಯನ್ನು ಅಲ್ಲಿಯೂ ತೋರಿಸಬೇಕು. ಇಲ್ಲಿ ತೆರಿಗೆಯಿಲ್ಲದ ಅಡಿಕೆ, ಕಬ್ಬಿನ ಆದಾಯವೂ ಅಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿನ ಬ್ಯಾಂಕ್ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಪ್ರತ್ಯೇಕ ವರದಿ ಸಲ್ಲಿಸಬೇಕು.

"ಆರು ತಿಂಗಳಿಗೊಮ್ಮೆ ಹೋಗಿ ಬಂದರೆ ಸಾಕು" ಎಂಬುದೂ ಪೂರ್ತಿ ನಿಜವಲ್ಲ. ಮನೆ ನಿಜವಾಗಿ ಎಲ್ಲಿದೆ ಎಂಬುದನ್ನು ಅಧಿಕಾರಿಗಳು ನೋಡುತ್ತಾರೆ. ಹೆಚ್ಚು ಕಾಲ ಹೊರಗಿರಬೇಕಾದರೆ, ಎರಡು ವರ್ಷದವರೆಗಿನ ಮರುಪ್ರವೇಶ ಪರವಾನಗಿಗೆ ಅಲ್ಲಿರುವಾಗಲೇ ಅರ್ಜಿ ಹಾಕಬೇಕು. ವಿಮಾನ ನಿಲ್ದಾಣದಲ್ಲಿ ಐ-407 ಕೊಟ್ಟರೆ ಸಹಿ ಹಾಕಲೇಬೇಕೆಂದಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕಿದೆ.

ಕೊನೆಗೆ ಉಳಿಯುವುದು ಹಿರಿಯರ ಮನಸ್ಸು. ಅಲ್ಲಿಯೂ ಜಿನಾಲಯಗಳಿವೆ, ನ್ಯೂಜೆರ್ಸಿಯ ಸಿದ್ಧಾಚಲಂ 1983ರಿಂದ ಇದೆ. ಆದರೆ ಪಾದವಿಹಾರದ ಮುನಿಗಳು ಅಲ್ಲಿಗೆ ಬರುವುದಿಲ್ಲ. ಚಾತುರ್ಮಾಸದಲ್ಲಿ ಆಹಾರದಾನ ಮಾಡುತ್ತ ಬಂದ ತಾಯಿಗೆ, 2030ರ ಮಹಾಮಸ್ತಕಾಭಿಷೇಕಕ್ಕೆ ಕಾಯುತ್ತಿರುವ ತಂದೆಗೆ, ಕೊನೆಗಾಲ ಗುರುಗಳ ಸನ್ನಿಧಿಯಲ್ಲಿ ಆಗಲಿ ಎಂದು ಬಯಸುವವರಿಗೆ ಇದು ಸಣ್ಣ ವಿಷಯವಲ್ಲ. ಅಂಥವರಿಗೆ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುವ, ಹತ್ತು ವರ್ಷದ ಸಂದರ್ಶಕ ವೀಸಾವೇ ಸಾಕು. ಇಲ್ಲಿ ನೋಡಿಕೊಳ್ಳುವವರಿಲ್ಲದೆ ಒಂಟಿಯಾದವರಿಗೆ, ಮಕ್ಕಳೊಡನೆಯೇ ಇರಲು ಮನಸ್ಸು ಮಾಡಿದವರಿಗೆ ಗ್ರೀನ್ ಕಾರ್ಡ್ ಆಸರೆಯೇ ಸರಿ.

ಆದ್ದರಿಂದ ಮಕ್ಕಳು ವಕೀಲರನ್ನು ಕಾಣುವ ಮೊದಲು ತಂದೆತಾಯಿಯ ಎದುರು ಕುಳಿತು "ನೀವು ಎಲ್ಲಿ ಇರಬೇಕೆಂದಿದ್ದೀರಿ?" ಎಂದು ಕೇಳಲಿ. ತಂದೆತಾಯಿಯೂ ಮಕ್ಕಳು ನೊಂದುಕೊಂಡಾರೆಂದು ಹಿಂಜರಿಯದೆ, ಮನಸ್ಸಿನಲ್ಲಿದ್ದುದನ್ನೇ ಹೇಳಲಿ.

ಜೈ ಜಿನೇಂದ್ರ.