ಆ ಸೆಕ್ಷನ್ನಿನ ಮೂಲಪತ್ರ ಓದಿ

ವೆಲಿಂಗ್ಟನ್ನಿನಲ್ಲಿ, ಹಟ್ ಕಣಿವೆಯಲ್ಲಿ ಮನೆ ಮಾಡಿಕೊಂಡಿರುವ, ಇನ್ನು ಮಾಡಿಕೊಳ್ಳಲಿರುವ ಕನ್ನಡದ ಬಂಧುಗಳೇ,

ನಾವು ಇಲ್ಲಿ ಸೈಟು ಅನ್ನುವುದನ್ನು ನೀವು ಅಲ್ಲಿ ಸೆಕ್ಷನ್ ಅನ್ನುತ್ತೀರಿ. ಒಂದು ಸೈಟು ಕೊಳ್ಳುವ ಮುನ್ನ ನಮ್ಮ ಅಪ್ಪಂದಿರು ಎಷ್ಟು ಅಲೆಯುತ್ತಿದ್ದರು ನೆನಪಿಸಿಕೊಳ್ಳಿ. ಮಾರುವವನ ಮಾತೊಂದನ್ನೇ ನಂಬುತ್ತಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹತ್ತು ಸಲ ಹೋಗಿ ಇಸಿ ತೆಗೆಸುತ್ತಿದ್ದರು. ಮೂಲಪತ್ರ ಎಲ್ಲಿ, ಯಾರ ಪಿತ್ರಾರ್ಜಿತ, ಅಣ್ಣತಮ್ಮಂದಿರ ಸಹಿ ಬಿದ್ದಿದೆಯೇ, ಹೆಣ್ಣುಮಕ್ಕಳು ಒಪ್ಪಿದ್ದಾರೆಯೇ, ಗೋಮಾಳವೋ ಕೆರೆಯಂಗಳವೋ ಎಂದು ಕೇಳುತ್ತಿದ್ದರು. ಒಬ್ಬರ ಕಣ್ಣೀರು ಬಿದ್ದ ಜಾಗದಲ್ಲಿ ಪಾಯ ತೋಡಬಾರದೆಂಬ ಅಂಜಿಕೆಯೂ ಆ ಅಲೆದಾಟದಲ್ಲಿತ್ತು.

ನಿಮಗೆ ಆ ಅಲೆದಾಟವಿಲ್ಲ. ನ್ಯೂಜಿಲೆಂಡಿನಲ್ಲಿ 1870ರ ಭೂ ವರ್ಗಾವಣೆ ಕಾಯ್ದೆ ತಂದ ಪದ್ಧತಿಯಲ್ಲಿ ಹಕ್ಕುಪತ್ರಕ್ಕೆ ಸರ್ಕಾರವೇ ಜಾಮೀನು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. ಅದರ ಹಿಂದಿನದನ್ನು ಕೆದಕುವ ಗೋಜು ಕೊಳ್ಳುವವರಿಗಿಲ್ಲ. ಕಾನೂನು ನಿಮ್ಮ ಹೆಗಲಿನಿಂದ ಇಳಿಸಿದ ಆ ಹೊರೆಯನ್ನು ನೀವಾಗಿಯೇ ಎತ್ತಿಕೊಳ್ಳಿ ಎಂದು ಕೇಳಲು ಈ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಊರಿನ ಮೂಲಪತ್ರ ಹೀಗಿದೆ. 1839ರ ಜುಲೈ ಕೊನೆಯಲ್ಲಿ ಲಂಡನ್ನಿನಲ್ಲಿ ನ್ಯೂಜಿಲೆಂಡ್ ಕಂಪನಿಯವರು ಒಂದು ಲಾಟರಿ ಎತ್ತಿದರು. 1,100 ಸೆಕ್ಷನ್ನುಗಳು. ಒಂದೊಂದಕ್ಕೂ ಪಟ್ಟಣದಲ್ಲಿ 1 ಎಕರೆ, ಹೊರಗೆ 100 ಎಕರೆ. ಎಕರೆಗೆ 1 ಪೌಂಡಿನಂತೆ 101 ಪೌಂಡು. ಅಂದು ಅಲ್ಲಿ ಪಟ್ಟಣವೇ ಇರಲಿಲ್ಲ. ಅದು ಎಲ್ಲಿ ಏಳಬೇಕೆಂದು ಮಾರಿದವರಿಗೂ ಗೊತ್ತಿರಲಿಲ್ಲ. ನೆಲ ಕೊಳ್ಳಲೆಂದು ಮೇ ತಿಂಗಳಲ್ಲಿ ಹೊರಟಿದ್ದ ಕಂಪನಿಯ ಟೋರಿ ಹಡಗು ಚೀಟಿ ಎತ್ತಿದ ದಿನ ಇನ್ನೂ ನಡುಗಡಲಲ್ಲಿತ್ತು. ತಮ್ಮದಲ್ಲದ, ತಾವು ಕಂಡೂ ಇಲ್ಲದ ನೆಲವನ್ನು ಮಾರಿ ದುಡ್ಡು ಎಣಿಸಿಕೊಂಡರು. ಕೊಂಡವರಲ್ಲಿ ಹೆಚ್ಚಿನವರು ಹಡಗು ಹತ್ತಲೇ ಇಲ್ಲ; ಬೆಲೆ ಏರಲಿ ಎಂದು ಲಂಡನ್ನಿನಲ್ಲೇ ಕೂತರು.

ಈ ಯೋಜನೆಯ ಹಿಂದಿದ್ದ ತಲೆ ಎಡ್ವರ್ಡ್ ಗಿಬ್ಬನ್ ವೇಕ್‌ಫೀಲ್ಡನದು. ಶ್ರೀಮಂತರ ಮನೆಯ ಹದಿನೈದು ವರ್ಷದ ಹುಡುಗಿಯೊಬ್ಬಳನ್ನು ಮೋಸದಿಂದ ಕರೆದೊಯ್ದು ಮದುವೆಯಾದ ಅಪರಾಧಕ್ಕೆ ಮೂರು ವರ್ಷ ಸೆರೆಯಲ್ಲಿದ್ದವನು, ವಲಸೆಯ ಸಿದ್ಧಾಂತವನ್ನು ಕಟ್ಟಿದ್ದೂ ಆ ಸೆರೆಯಲ್ಲೇ. ನೆಲಕ್ಕೆ ಕೂಲಿಯವನ ಕೈಗೆ ಎಟುಕದಷ್ಟು ಬೆಲೆ ಇಡಬೇಕು, ಆಗ ಬಡವ ವರ್ಷಗಟ್ಟಲೆ ಕೂಲಿಯಾಗಿಯೇ ದುಡಿಯುತ್ತಾನೆ ಎಂಬುದು ಅವನ ಲೆಕ್ಕ. ಆ ಲೆಕ್ಕದಲ್ಲಿ ಬಿಳಿಯ ಬಡವನಿಗೇ ಜಾಗ ಇಷ್ಟು. ಹಾಗಿರುವಾಗ ನ್ಯೂಜಿಲೆಂಡಿನ ದಂಡೆಯಲ್ಲಿ ಕೂಮರಾ ಗೆಣಸು ಬೆಳೆಯುತ್ತಿದ್ದ ಮಾವೊರಿ ಮೂಲನಿವಾಸಿಗಳಿಗೆ ಎಷ್ಟು ಜಾಗವಿದ್ದೀತು?

ಟೋರಿ ಹಡಗು ಸೆಪ್ಟೆಂಬರ್ 20ರಂದು ತೆ ಫಂಗನುಯಿ-ಆ-ತಾರ ಎಂಬ ಕೊಲ್ಲಿಯನ್ನು ಹೊಕ್ಕಿತು. ತಾರನ ಮಹಾ ಬಂದರು ಎಂದು ಅದರ ಅರ್ಥ. ಒಂದೇ ವಾರ. 27ರಂದು ಹಡಗಿನ ಮೇಲೆ ಕ್ರಯಪತ್ರ. ಪತ್ರ ಇಂಗ್ಲಿಷಿನಲ್ಲಿ. ಅದನ್ನು ತಿಳಿಸಿ ಹೇಳಬೇಕಾಗಿದ್ದವನು ಡಿಕಿ ಬ್ಯಾರೆಟ್ ಎಂಬ ತಿಮಿಂಗಿಲ ಬೇಟೆಗಾರ. ಅವನಿಗಿದ್ದದ್ದು ದಂಡೆಯ ವ್ಯಾಪಾರಕ್ಕೆ ಸಾಲುವಷ್ಟು ಹರಕು ಮಾವೊರಿ. ಕೊಟ್ಟ ಬೆಲೆ ಬಂದೂಕು, ಕಂಬಳಿ, ಹೊಗೆಸೊಪ್ಪು, ಕೊಡೆ, ರಾತ್ರಿ ಟೋಪಿ, ಹಲ್ಲಿನಲ್ಲಿ ಕಚ್ಚಿ ನುಡಿಸುವ ಮೋರ್ಚಿಂಗು, ಅರಗು. ತೆ ಪುನಿ, ತೆ ಫರೆಪೌರಿಯಂಥ ಮುಖಂಡರು ಸಹಿ ಹಾಕಿದರು, ನಿಜ. ತೆ ಆರೊ, ಪಿಪಿತೆಯಾ, ಕುಮುತೊತೊ ಊರುಗಳ ಜನ ತಮ್ಮ ನೆಲ ಮಾರಿರಲಿಲ್ಲ. ಈಗಿನ ವೆಲಿಂಗ್ಟನ್ ಪೇಟೆಯ ನಡುಭಾಗ ನಿಂತಿರುವುದು ಆ ಊರುಗಳ ಮೇಲೆಯೇ.

ಸಹಿ ಹಾಕಿದವರಾದರೂ ಏನನ್ನು ಕೊಟ್ಟೆವು ಎಂದುಕೊಂಡರು? ಮಾವೊರಿಯಲ್ಲಿ ನೆಲಕ್ಕೆ ಫೆನುವಾ ಎನ್ನುತ್ತಾರೆ. ಹೆರಿಗೆಯಲ್ಲಿ ಬೀಳುವ ಮಾಸಿಗೂ ಅದೇ ಮಾತು, ಫೆನುವಾ. ಮಗುವಿನ ಮಾಸನ್ನು ತಮ್ಮ ನೆಲದಲ್ಲಿ ಹೂಳುವ ಜನ ಅವರು. ನಮ್ಮ ಅಜ್ಜಿಯರು ಹಿತ್ತಿಲಿನಲ್ಲಿ ಗುಂಡಿ ತೋಡಿ ಮಾಸು ಹೂಳಿಸಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂದವರಿಗೆ ಇರಲು ಜಾಗ ಕೊಡುವುದು, ಅವರನ್ನು ನಂಟಿನೊಳಕ್ಕೆ ತಂದುಕೊಳ್ಳುವುದು ಅವರಿಗೆ ಗೊತ್ತಿತ್ತು. ಮಾಸು ಹೂತ ಮಣ್ಣನ್ನು ಒಂದು ಹಾಳೆಯ ಮೇಲೆ ಶಾಶ್ವತವಾಗಿ ದಾಟಿಸಿಬಿಡುವುದು ಅವರ ಲೋಕದಲ್ಲಿರಲಿಲ್ಲ.

ಆ ಸಹಿ ಬೀಳುವ ಮೊದಲೇ ವಲಸಿಗರ ಅರೋರಾ ಹಡಗು ಇಂಗ್ಲೆಂಡ್ ಬಿಟ್ಟಾಗಿತ್ತು. 1840ರ ಜನವರಿ 22ಕ್ಕೆ ಕೊಲ್ಲಿಯ ಪಿತೊ-ಒನೆ ದಂಡೆಯ ಮರಳಿಗೆ ಬಂದಿಳಿದ ಆ ಹೆಂಗಸರು ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡಿಗೆ ಬಂದವರು. ಹೊಳೆ ಉಕ್ಕಿ ಅವರ ಗುಡಿಸಲುಗಳಿಗೆ ನೀರು ನುಗ್ಗಿತು. ಪಟ್ಟಣವನ್ನು ಕೊಲ್ಲಿಯ ಇನ್ನೊಂದು ದಂಡೆಗೆ ಸಾಗಿಸಿದರು. ಅಲ್ಲಿ ತೆ ಆರೊ, ಪಿಪಿತೆಯಾ ಜನರ ಮನೆ, ಹೊಲ, ಗೋರಿಗಳಿದ್ದವು. ಮೋಜಣಿಯವರು ಅವುಗಳ ಮೇಲೆಯೇ ಹಗ್ಗ ಎಳೆದರು.

ಕಂಪನಿ ಮಾವೊರಿಗಳಿಗೆ ಒಂದು ಮಾತು ಕೊಟ್ಟಿತ್ತು: ಹತ್ತರಲ್ಲೊಂದು ಪಾಲು ನಿಮ್ಮವರಿಗೆ ಮೀಸಲು. 1,100ರಲ್ಲಿ 110 ಸೆಕ್ಷನ್. ಅವನ್ನೂ ಲಂಡನ್ನಿನಲ್ಲಿ ಅದೇ ಲಾಟರಿಯಿಂದಲೇ ಆರಿಸಿದ್ದರು! ಅಜ್ಜನ ಗೋರಿ ಒಬ್ಬ ಅಪರಿಚಿತನ ಚೀಟಿಗೆ ಬಿತ್ತು. ಮೊಮ್ಮಗನಿಗೆ ಮೀಸಲಾದದ್ದು ಇನ್ನೆಲ್ಲೋ, ಗುಡ್ಡದ ಇಳಿಜಾರಿನಲ್ಲಿ. ಮುಂದೆ ಆ ಮೀಸಲಿನಲ್ಲೂ ಒಂದಷ್ಟನ್ನು ಸರ್ಕಾರ ಆಸ್ಪತ್ರೆಗೆ, ಶಾಲೆಗೆ ಎಂದು ತೆಗೆದುಕೊಂಡಿತು. ಬ್ರಿಟಿಷ್ ಸರ್ಕಾರವೇ ಕಳಿಸಿದ ಕಮಿಷನರ್ ವಿಲಿಯಂ ಸ್ಪೇನ್ 1842ರಿಂದ ವಿಚಾರಣೆ ನಡೆಸಿ ಖರೀದಿ ಸರಿಯಾಗಿಲ್ಲವೆಂದು ಕಂಡುಕೊಂಡ. ಆದರೂ ಜನರಿಗೆ ನೆಲ ಮರಳಲಿಲ್ಲ. 1844ರಲ್ಲಿ 1,500 ಪೌಂಡು ಪರಿಹಾರವೆಂದು ಹಂಚಿ ಕಡತ ಮುಚ್ಚಲು ನೋಡಿದರು. ಹದಿನೈದು ಸೆಕ್ಷನ್ನಿನ ಬೆಲೆಯೂ ಅಲ್ಲ ಅದು.

ಇದರಲ್ಲಿ ನಮಗೇನು ಸಂಬಂಧ ಎಂದು ಕೇಳುವಿರಾ? ಆ ಪಟ್ಟಣಕ್ಕೆ ಇಟ್ಟ ಹೆಸರು ಯಾರದೆಂದು ನೋಡಿ. ವೆಲಿಂಗ್ಟನ್ ಡ್ಯೂಕ್ ಆಗುವ ಮೊದಲು ಆತ ಆರ್ಥರ್ ವೆಲ್ಲೆಸ್ಲಿ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದವನು, ದರಿಯಾ ದೌಲತ್ತಿನಲ್ಲಿ ಬಿಡಾರ ಹೂಡಿದ್ದವನು. ಶಾಲೆಯಿಂದ ಪ್ರವಾಸ ಹೋದಾಗ ಆ ಗೋಡೆಚಿತ್ರಗಳ ಮುಂದೆ ನಾವೆಲ್ಲ ನಿಂತಿದ್ದೇವೆ. ವೇಕ್‌ಫೀಲ್ಡನ ವಲಸೆ ಯೋಜನೆಗಳಿಗೆ ಪಾರ್ಲಿಮೆಂಟಿನಲ್ಲಿ ಬೆಂಬಲ ಕೊಟ್ಟ ಋಣಕ್ಕೆ ಕಂಪನಿ ಊರಿಗೆ ಅವನ ಹೆಸರಿಟ್ಟಿತು. ಊರಿನ ಖಂಡಾಲಾ ಬಡಾವಣೆಯಲ್ಲಿ ಗಂಗಾ, ದೆಹಲಿ, ಸಿಮ್ಲಾ ಹೆಸರಿನ ಬೀದಿಗಳಿವೆ. ಅವನ್ನು ಕಂಡು ನಮ್ಮವರಿಗೆ ತವರಿನ ಖುಷಿಯಾಗುತ್ತದೆ. ಒಂದು ಆಳಿಸಿಕೊಂಡ ನಾಡಿನ ಹೆಸರುಗಳನ್ನು ತಂದು ಇನ್ನೊಂದು ಆಳಿಸಿಕೊಂಡ ಜನರ ನೆಲದ ಮೇಲೆ ಹಾಸಿದ ಗುರುತು ಅವು. ನಾವು ಆ ಕೈಯನ್ನು ಬಲ್ಲವರು. ಬಲ್ಲವರೇ ಸುಮ್ಮನಿದ್ದರೆ ಹೇಗೆ?

ಆ ಮಾವೊರಿಗಳೂ ಹಿಂದಿದ್ದವರನ್ನು ಸರಿಸಿ ಬಂದವರಲ್ಲವೇ ಎಂಬ ಮಾತು ಅಲ್ಲಿನ ಊಟದ ಮೇಜುಗಳಲ್ಲಿ ಬರುತ್ತದಂತೆ. ಹೌದು, ಆ ದಂಡೆಯ ಮಾವೊರಿಗಳಾದ ತೆ ಆತಿ ಆವ ಜನ ಆ ಕೊಲ್ಲಿಗೆ ಬಂದು ಬಹಳ ಕಾಲವಾಗಿರಲಿಲ್ಲ. ಅವರಿಗಿಂತ ಹಿಂದೆ ಇದ್ದವರೂ ನೊಂದಿದ್ದಾರೆ. ಅದರಿಂದ ಲಂಡನ್ನಿನ ಲಾಟರಿ ಸಾಚಾ ಆಗುವುದಿಲ್ಲ. ಕದ್ದ ಮಾಲಿನ ಮೇಲೆ ಇನ್ನೊಬ್ಬನಿಗೂ ಹಕ್ಕಿರಬಹುದು ಎಂದಮಾತ್ರಕ್ಕೆ ಕಳ್ಳ ಬಿಲ್ಲು ಬರೆದುಕೊಡಬಹುದೇ?

ನಿಮ್ಮ ಮನೆ ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ. 2003ರಲ್ಲಿ ಮಾವೊರಿಗಳ ದೂರುಗಳನ್ನು ಆಲಿಸುವ ವೈತಾಂಗಿ ನ್ಯಾಯಮಂಡಳಿ ಸರ್ಕಾರದ ತಪ್ಪುಗಳನ್ನು ವಿವರವಾಗಿ ಬರೆದಿಟ್ಟಿತು. 2008ರ ಒಪ್ಪಂದ, 2009ರ ಕಾಯ್ದೆಗಳಲ್ಲಿ ಸರ್ಕಾರ ಕ್ಷಮೆ ಕೇಳಿ, ಸುಮಾರು 2.5 ಕೋಟಿ ಡಾಲರ್ ಪರಿಹಾರ ಕೊಟ್ಟು, ಮತಿಯು ಮೊದಲಾದ ಕೊಲ್ಲಿಯ ಮೂರು ನಡುಗಡ್ಡೆಗಳನ್ನು ಹಿಂದಿರುಗಿಸಿತು. ಆ ಜನ ಪಟ್ಟಣವನ್ನು ವಾಪಸು ಕೇಳಲಿಲ್ಲ. ಅಷ್ಟು ದೊಡ್ಡ ಮನಸ್ಸಿನ ಎದುರು ನಮ್ಮಿಂದ ಆಗಬೇಕಾದದ್ದು ಬಹಳ ಕಡಿಮೆ, ಆ ಕಡಿಮೆಯನ್ನಾದರೂ ಪೂರ್ತಿಯಾಗಿ ಮಾಡಿ.

ಖಾಯಂ ನಿವಾಸಿಯಾದವರು ಅಲ್ಲಿ ಸತತವಾಗಿ ಒಂದು ವರ್ಷ ವಾಸವಿದ್ದರೆ ಪೌರತ್ವವಿಲ್ಲದೆಯೂ ಮತ ಹಾಕಬಹುದು. ಸಂಸತ್ತಿನ ಸಮಿತಿಗಳಿಗೆ ನಿಮ್ಮ ಅಭಿಪ್ರಾಯ ಬರೆಯಬಹುದು. 2024ರ ನವೆಂಬರ್ 19ರಂದು, ಬ್ರಿಟಿಷ್ ಅರಸೊತ್ತಿಗೆಗೂ ಮಾವೊರಿ ಮುಖಂಡರಿಗೂ ನಡುವೆ ಆದ ವೈತಾಂಗಿ ಒಪ್ಪಂದದ ತತ್ವಗಳನ್ನು ಹೊಸದಾಗಿ ವ್ಯಾಖ್ಯಾನಿಸಲು ಹೊರಟ ಮಸೂದೆಯ ವಿರುದ್ಧ ಪೊಲೀಸರ ಅಂದಾಜಿನಲ್ಲೇ 42,000 ಜನ ವೆಲಿಂಗ್ಟನ್ನಿನ ಬೀದಿಗಳಲ್ಲಿ ನಡೆದರು. ಸಂಸತ್ತಿನ ಸಮಿತಿಗೆ ಮೂರು ಲಕ್ಷಕ್ಕೂ ಮೀರಿ ಅಭಿಪ್ರಾಯಪತ್ರಗಳು ಹೋದವು. 2025ರ ಏಪ್ರಿಲ್ 10ರಂದು ಮಸೂದೆ 112ಕ್ಕೆ 11 ಮತಗಳಿಂದ ಬಿದ್ದುಹೋಯಿತು. ಆ ಮೆರವಣಿಗೆಯ ದಿನ ನೀವು ಕಚೇರಿಯ ಕಿಟಕಿಯಿಂದ ನೋಡುತ್ತ ನಿಂತಿದ್ದರೆ, ಮುಂದಿನ ಸಲ ಕೆಳಗಿಳಿದು ಬನ್ನಿ. ನಾವು ವಲಸಿಗರು, ಇದು ಅವರವರ ಜಗಳ ಎನ್ನಬೇಡಿ. ಸೆಕ್ಷನ್ನಿಗೆ ಸಹಿ ಹಾಕಿದ ದಿನ ಆ ಒಪ್ಪಂದದ ಒಂದು ತುದಿ ನಿಮ್ಮ ಕೈಗೂ ಬಂದಿದೆ.

2005ರಲ್ಲಿ ತಾರನಾಕಿ ಬೀದಿಯಲ್ಲಿ ಅಪಾರ್ಟ್‌ಮೆಂಟಿಗೆಂದು ನೆಲ ಅಗೆಯುವಾಗ ತೆ ಆರೊ ಊರಿನ ಮನೆಗಳ ಅವಶೇಷ ಸಿಕ್ಕಿತು. ಮರಜರೀಗಿಡದ ಕಾಂಡಗಳನ್ನು ಸಾಲಾಗಿ ನೆಟ್ಟು ಕಟ್ಟಿದ ಗೋಡೆಗಳ ಬುಡ. ಕಟ್ಟಡದ ಕೆಳ ಅಂತಸ್ತಿನಲ್ಲಿ ಅವನ್ನು ಇದ್ದಲ್ಲೇ ಉಳಿಸಿದ್ದಾರೆ, ಗಾಜಿನಾಚೆ ಕಾಣುತ್ತವೆ. ಹಾಲು ಉಕ್ಕಿಸುವ ಮುನ್ನ ಒಂದು ಭಾನುವಾರ ಅಲ್ಲಿಗೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಆ ಊರಿನ ಹೆಸರನ್ನು ಅವರಿಂದ ಬಾಯಿಬಿಟ್ಟು ಹೇಳಿಸಿ: ತೆ ಆರೊ.