ಒಂದು ಹನಿ ಅಂಟಿಗೂ ಬಿಲ್ಲಿನಲ್ಲಿ ಸ್ಥಾನವಿರಲಿ

ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳನ್ನು ದಾಟಿ ಕೆ.ಆರ್. ಪುರದವರೆಗೆ ಹಬ್ಬಿರುವ ಗ್ಯಾರೇಜುಗಳಲ್ಲಿ ಕಾರಿನ ಎಂಜಿನ್ ಬಿಚ್ಚಿ ಜೋಡಿಸುವುದು ನಿತ್ಯದ ಕೆಲಸ. ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್‌ಗಳಿಗೆ ಬಿಲ್ಲು ಇರುತ್ತದೆ, ತಯಾರಕರ ಹೆಸರೂ ಇರುತ್ತದೆ. ಆದರೆ ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕರ್ ಹಾಗೂ ಎಣ್ಣೆ ಸೋರದಂತೆ ತಡೆಯುವ ಸೀಲೆಂಟ್‌ಗಳು ಅನೇಕ ಕಡೆ ಚಿಲ್ಲರೆ ಖರ್ಚಿನ ಬಾಬ್ತಿನಲ್ಲಿ ಕಳೆದುಹೋಗುತ್ತವೆ. ಇವನ್ನೂ ಬಿಡಿಭಾಗಗಳೆಂದೇ ಭಾವಿಸಿ ಕೊಳ್ಳಬೇಕು, ಮಾರಬೇಕು, ಬಿಲ್ಲಿನಲ್ಲಿ ನಮೂದಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಥ್ರೆಡ್‌ಲಾಕರನ್ನು 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ರೂಪಿಸಿದರು. ಗಾಳಿಯ ಸಂಪರ್ಕವಿರುವವರೆಗೆ ಇದು ದ್ರವವಾಗಿಯೇ ಉಳಿದು, ಲೋಹದ ಮರೆಗಳ ನಡುವೆ ಗಾಳಿ ಸಿಗದಾದಾಗ ಗಟ್ಟಿಯಾಗುತ್ತದೆ. ಬಾಟಲಿಯನ್ನು ಪೂರ್ತಿ ತುಂಬದೆ ಮಾರುವುದು ಈ ಕಾರಣದಿಂದಲೇ ಹೊರತು ತೂಕದಲ್ಲಿ ಮೋಸ ಮಾಡಲು ಅಲ್ಲ. ಇದನ್ನರಿಯದೆ ಸಣ್ಣ ಶೀಶೆಗಳಿಗೆ ಕಂಠಮಟ್ಟ ಸುರಿದು ಬಿಡಿಯಾಗಿ ಮಾರಿದರೆ ಸರಕು ಒಳಗೇ ಹೆಪ್ಪುಗಟ್ಟಬಹುದು. ಮೇಲಾಗಿ ಅಂತಹ ಶೀಶೆಯಲ್ಲಿ ದರ್ಜೆಯ ಸಂಖ್ಯೆಯಿಲ್ಲ, ತಯಾರಿಕೆಯ ತಿಂಗಳಿಲ್ಲ, ಜವಾಬ್ದಾರಿ ಹೊರುವವರೂ ಇಲ್ಲ.

ದರ್ಜೆಯ ವಿಷಯ ಅತಿ ಮುಖ್ಯವಾದುದು. ಸಾಮಾನ್ಯವಾಗಿ ನೀಲಿಯದು ಕೈ ಉಪಕರಣಗಳಿಂದ ಬಿಚ್ಚಬಹುದಾದ ಮಧ್ಯಮ ಶಕ್ತಿಯದು; ಕೆಂಪಿನದನ್ನು ಬಿಚ್ಚಲು ಬಹುಮಟ್ಟಿಗೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾಗುತ್ತದೆ. ಅಲ್ಯೂಮಿನಿಯಂ ಮೈಯಲ್ಲಿ ಕುಳಿತ ಸಣ್ಣ ಬೋಲ್ಟಿಗೆ ಕೆಂಪನ್ನು ಹಚ್ಚಿದರೆ ಮುಂದೆ ಬಿಚ್ಚುವಾಗ ಬೋಲ್ಟ್ ತುಂಡಾಗುವುದು ಅಥವಾ ಮರೆ ಕಿತ್ತುಬರುವುದು ಉಂಟು. ಎಲ್ಲ ತಯಾರಕರ ಬಣ್ಣಗಳೂ ಒಂದೇ ಅರ್ಥ ಕೊಡುವುದಿಲ್ಲವಾದ್ದರಿಂದ ಬಣ್ಣಕ್ಕಿಂತ ದರ್ಜೆಯ ಸಂಖ್ಯೆಯನ್ನು ನೋಡಬೇಕು. ಎಣ್ಣೆ, ಹಳೆಯ ಅಂಟು ತೊಡೆದ ಮರೆಗೆ ಮಾತ್ರ ಹಚ್ಚಬೇಕು. ಹೆಡ್ ಬೋಲ್ಟ್, ಕನೆಕ್ಟಿಂಗ್ ರಾಡ್ ಬೋಲ್ಟ್‌ಗಳಿಗೆ ಎಂಜಿನ್ ತಯಾರಕರ ಕೈಪಿಡಿ ಹೇಳದ ಹೊರತು ಹಚ್ಚಕೂಡದು. ಅವುಗಳ ಹಿಡಿತ ಇರುವುದು ಟಾರ್ಕ್ ರೆಂಚಿನ ಸರಿಯಾದ ಬಿಗಿತದಲ್ಲಿ.

ಸಿಲಿಕೋನ್ ಪೇಸ್ಟಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಗಾಳಿಯ ತೇವಾಂಶದಿಂದ ಗಟ್ಟಿಯಾಗುತ್ತದೆ. ಪೂರ್ತಿ ಒಣಗಲು ಸಾಮಾನ್ಯವಾಗಿ 24 ಗಂಟೆ ಬೇಕು. ‘ಹೆಚ್ಚು ಹಚ್ಚಿದರೆ ಹೆಚ್ಚು ಭದ್ರ’ ಎಂಬ ನಂಬಿಕೆಯೇ ಇಲ್ಲಿ ದೊಡ್ಡ ಶತ್ರು. ಆಯಿಲ್ ಸಂಪಿನ ಅಂಚಿನಿಂದ ಒಳಕ್ಕೆ ಉಬ್ಬಿದ ಪೇಸ್ಟ್ ಕಳಚಿ ಬಿದ್ದು ಆಯಿಲ್ ಸ್ಟ್ರೈನರಿಗೆ ಅಡರಿದರೆ ಎಣ್ಣೆಯ ಹರಿವು ನಿಂತು ಬೇರಿಂಗು, ಕ್ರ್ಯಾಂಕ್‌ಶಾಫ್ಟ್‌ಗಳೆರಡೂ ಹಾಳಾಗುತ್ತವೆ. ಕೆಲವೇ ರೂಪಾಯಿಯ ಪೇಸ್ಟ್ ಇಡೀ ಎಂಜಿನ್ನನ್ನು ಬಲಿ ತೆಗೆದುಕೊಳ್ಳುವ ಬಗೆ ಇದು.

‘ಗಿರಾಕಿ ಸಂಜೆಯೇ ಗಾಡಿ ಕೇಳುತ್ತಾನೆ, ಅಂಟಿಗೆ ಬೇರೆ ದುಡ್ಡು ಕೊಡುವುದಿಲ್ಲ’ ಎಂಬ ಗ್ಯಾರೇಜು ಮಾಲೀಕರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಒಂದು ಸಣ್ಣ ಬಾಟಲಿಯಿಂದ ಹತ್ತಾರು ಬೋಲ್ಟುಗಳ ಕೆಲಸ ಆಗುತ್ತದೆ. ಒಂದು ಎಂಜಿನ್ನಿಗೆ ತಗಲುವ ವೆಚ್ಚ, ಒಮ್ಮೆ ಜೋಡಿಸಿದ್ದನ್ನು ಮತ್ತೆ ಬಿಚ್ಚುವ ಕೂಲಿಯ ಮುಂದೆ ಏನೂ ಅಲ್ಲ. ಯಾವ ಜಾಗಕ್ಕೆ ಯಾವ ದರ್ಜೆ, ಯಾವ ಬ್ಯಾಚ್ ಬಳಸಲಾಯಿತು ಎಂದು ಜಾಬ್ ಕಾರ್ಡಿನಲ್ಲಿ ಬರೆದಿಟ್ಟರೆ, ನಾಳೆ ತಕರಾರು ಬಂದಾಗ ಅದೇ ಗ್ಯಾರೇಜಿಗೆ ರಕ್ಷೆ. ಒಣಗುವ ಅವಧಿಯನ್ನೂ ಅದರಲ್ಲೇ ನಮೂದಿಸಿದರೆ ಗಿರಾಕಿಯೂ ಒಂದು ರಾತ್ರಿ ಕಾಯಲು ಒಪ್ಪಿಯಾನು.

ಬಿಡಿಭಾಗಗಳ ವರ್ತಕರ ಹೊಣೆಯೂ ಕಡಿಮೆಯದಲ್ಲ. ಪೊಟ್ಟಣದ ಮೇಲೆ ತಯಾರಕರ ಹೆಸರು, ತಯಾರಿಕೆಯ ತಿಂಗಳು ಮತ್ತು ವರ್ಷ, ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ವಿಧಿಸಿವೆ. ಹೆಸರಾಂತ ಮುದ್ರೆಯ ನಕಲಿ ಸರಕನ್ನು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಡಿ ಶಿಕ್ಷಾರ್ಹ ಅಪರಾಧ. ಕಾನೂನಿನ ಭಯಕ್ಕಿಂತ ಮಿಗಿಲಾಗಿ, ನಂಬಿ ಬರುವ ಮೆಕ್ಯಾನಿಕ್‌ನ ವಿಶ್ವಾಸವೇ ನಮ್ಮ ವ್ಯಾಪಾರದ ಬಂಡವಾಳವೆಂಬುದನ್ನು ಮರೆಯಬಾರದು.

ಈ ದಿಸೆಯಲ್ಲಿ ಸಂಘವು ಎರಡು ಕೆಲಸಗಳನ್ನು ಕೈಗೊಳ್ಳುವುದು ಸೂಕ್ತ. ಯಾವ ಕೆಲಸಕ್ಕೆ ಯಾವ ದರ್ಜೆ ಎಂಬುದನ್ನು ತಿಳಿಸುವ ಗೋಡೆಪಟವನ್ನು, ಕಂಟೋನ್ಮೆಂಟಿನ ಗ್ಯಾರೇಜುಗಳ ಆಡುನುಡಿಗಳಾದ ಕನ್ನಡ, ಉರ್ದು, ತಮಿಳು ಮೂರರಲ್ಲೂ ಮುದ್ರಿಸಿ ಹಂಚಬೇಕು. ಅಧಿಕೃತ ವಿತರಕರ ನೆರವಿನಿಂದ ಮೆಕ್ಯಾನಿಕ್‌ಗಳಿಗೆ ಅರ್ಧ ದಿನದ ತರಬೇತಿ ಏರ್ಪಡಿಸಬೇಕು. ಸದಸ್ಯ ಬಂಧುಗಳು ಮಾತ್ರ ಅಲ್ಲಿಯವರೆಗೆ ಕಾಯದೆ, ಬಿಡಿಯಾಗಿ ಸುರಿದು ಮಾರುವುದನ್ನು ಇಂದೇ ನಿಲ್ಲಿಸಲಿ.